ಹದಿನಾಲ್ಕನೆಯ ಸಾಲು

ಜನವರಿ 9

ಮಗನಿಗೆ,

ಇಂದು ಗುರುವಾರ. ಬೆಳಿಗ್ಗೆ ಹತ್ತೂವರೆಗೆ ನಿನ್ನ ಕಂಪ್ಯೂಟರಿನ ಪರದೆ ಮೂರನೆಯ ಸಲ ಗೆರೆಗೆರೆಯಾಗಿ ನಿಂತುಹೋಯಿತು. ನನ್ನ ಸನ್ನೆ ಪಾಠಗಳಲ್ಲಿ ಅರವತ್ತೆರಡನೆಯದರ ವಿಡಿಯೊ ಹೊರತೆಗೆಯಲು ಹಾಕಿದ್ದೆ. ನೂರಕ್ಕೆ ನಲವತ್ತೊಂದು ಎಂದು ತೋರಿಸಿ ಅಲ್ಲೇ ಸತ್ತಿತು. ಮೂರು ಸಲವೂ ನಲವತ್ತೊಂದೇ.

ಒಟ್ಟು ನೂರ ಎಂಬತ್ತನಾಲ್ಕು ಪಾಠಗಳಲ್ಲಿ ನೀನು ಅರವತ್ತೊಂದನ್ನು ಮುಗಿಸಿ ಹೋಗಿದ್ದೆ. ಉಳಿದವನ್ನು ಕತ್ತರಿಸಿದ್ದಾಗಿದೆ, ಕೆಳಗೆ ಅಕ್ಷರ ಕೂರಿಸಿದ್ದಾಗಿದೆ, ಗುಂಡಿ ಒತ್ತಿ ಹೊರತೆಗೆಯುವುದಷ್ಟೇ ಬಾಕಿ ಎಂದು ನೀನೇ ಹೇಳಿದ್ದೆ. ಗುಂಡಿ ಒತ್ತುವುದು ನನಗೂ ಬರುತ್ತದೆ ಎಂದುಕೊಂಡಿದ್ದೆ.

ಏಪ್ರಿಲ್ ಕೊನೆಯೊಳಗೆ ಎಲ್ಲ ಪಾಠಗಳೂ ನಮ್ಮ ಕಿವುಡು ಮಕ್ಕಳ ಶಾಲೆಯ ಕೈಗೆ ಬರಬೇಕು ಎಂದು ಹೆಡ್‌ಮಿಸ್ ಹೇಳಿದ್ದಾರೆ. ಬರದಿದ್ದರೆ ಹೊಸ ಟೀಚರ್ ಹುಡುಗಿಯನ್ನು ನಿಲ್ಲಿಸಿ ಮೊದಲಿಂದ ಚಿತ್ರೀಕರಣ ಮಾಡಿಸುತ್ತಾರಂತೆ. ಆ ಹುಡುಗಿಯ ಮೇಲೆ ನನಗೇನೂ ಬೇಸರವಿಲ್ಲ. ಅವಳ ಸನ್ನೆ ಸ್ವಚ್ಛವಾಗಿದೆ, ಕಾಲೇಜಿನಲ್ಲಿ ಕಲಿತದ್ದು. ಆದರೆ ಅವಳಿಗೆ ಕಿವಿ ಕೇಳುತ್ತದೆ. ನಮ್ಮ ಹಾಸ್ಟೆಲಿನ ಕಿವುಡು ಹುಡುಗಿಯರು ನಾವೇ ಹುಟ್ಟಿಸಿಕೊಂಡ ಸನ್ನೆಗಳು ಅವಳಿಗೆ ಎಲ್ಲಿಂದ ಬರಬೇಕು. ‘ಕಾಯುವುದು’ ಎನ್ನಲು ನಾವು ಬಕೆಟ್ಟಿನ ಹಿಡಿ ಹಿಡಿದವರ ಹಾಗೆ ಕೈ ಇಳಿಬಿಟ್ಟು ನಿಲ್ಲುತ್ತಿದ್ದೆವು. ಅಲ್ಲಿದ್ದದ್ದು ಒಂದೇ ನಲ್ಲಿ. ಆ ಹುಡುಗಿಯರಲ್ಲಿ ಉಳಿದಿರುವವಳು ನಾನೊಬ್ಬಳು. ಆ ಸನ್ನೆಗಳು ಈಗ ಇರುವುದು ನಿನ್ನ ಪೆಟ್ಟಿಗೆಯೊಳಗೆ ಮಾತ್ರ.

ಕಪಾಟಿನ ಮೇಲೆ, ನೀನು ತರಿಸಿಟ್ಟಿದ್ದ ಗ್ರಾಫಿಕ್ಸ್ ಕಾರ್ಡು ಒಡೆಯದ ಡಬ್ಬದಲ್ಲಿ ಹಾಗೇ ಇದೆ. ಅದನ್ನು ಹಾಕಿದರೆ ಈ ತೊಂದರೆ ಹೋಗುತ್ತದೆ ಎಂದು ನೀನು ಹೇಳಿದ ನೆನಪು. ಹೇಗೆ ಹಾಕುವುದು ಬರೆದು ಕಳಿಸು. ನಿಧಾನವಾಗಿ, ಏನೂ ತಿಳಿಯದವಳಿಗೆ ಹೇಳುವಂತೆ ಬರೆ.

ಅಕ್ಷರ ಸೊಟ್ಟಗಿದೆ. ಪೆನ್ನು ಸರಿಯಿಲ್ಲ.

ಅಮ್ಮ


ಜನವರಿ 20

ಅಮ್ಮನಿಗೆ,

ನಿನ್ನ ಪತ್ರ ನಿನ್ನೆ ಕೈಗೆ ಬಂತು. ಇಲ್ಲಿಗೆ ಬರುವುದನ್ನೂ ಇಲ್ಲಿಂದ ಹೋಗುವುದನ್ನೂ ಜೈಲಿನ ಗುಮಾಸ್ತರೊಬ್ಬರು ಓದುತ್ತಾರೆ, ಆಮೇಲೆ ಮುದ್ರೆ ಬೀಳುತ್ತದೆ. ಅದಕ್ಕೇ ತಡ.

ಮೊದಲು ಹಿಂದಿನ ಸ್ವಿಚ್ ಆರಿಸಿ ವೈರು ಕಿತ್ತುಬಿಡು. ಪೆಟ್ಟಿಗೆಯನ್ನು ನೆಲದ ಮೇಲೆ ಅಡ್ಡ ಮಲಗಿಸು. ಎಡಗಡೆಯ ಬಾಗಿಲಿನ ಎರಡು ಸ್ಕ್ರೂ ಬಿಚ್ಚು. ಏನನ್ನಾದರೂ ಮುಟ್ಟುವ ಮೊದಲು ಪೆಟ್ಟಿಗೆಯ ಬರಿಯ ಲೋಹವನ್ನು ಒಮ್ಮೆ ಮುಟ್ಟು. ಮೈಯಲ್ಲಿರುವ ಕರೆಂಟು ಇಳಿದುಹೋಗಲಿ. ಒಳಗೆ ದೊಡ್ಡ ಫ್ಯಾನಿನ ಕೆಳಗೆ ಉದ್ದನೆಯ ಸ್ಲಾಟ್ ಇದೆ. ಅದರ ನೇರಕ್ಕೆ ಹಿಂಬದಿಯ ಎರಡು ತಗಡಿನ ಪಟ್ಟಿಗಳನ್ನು ಬಿಚ್ಚಿ ತೆಗೆ. ಕಾರ್ಡಿನ ಚಿನ್ನದ ಬಣ್ಣದ ಹಲ್ಲುಗಳು ಆ ಸ್ಲಾಟಿನಲ್ಲಿ ನೇರವಾಗಿ ಇಳಿಯಬೇಕು. ಎರಡು ಕೈಯಲ್ಲಿ ಎರಡು ತುದಿ ಹಿಡಿದು ಸಮನಾಗಿ ಒತ್ತು. ತುದಿಯ ಪ್ಲಾಸ್ಟಿಕ್ ಕೊಕ್ಕೆ ಟಕ್ ಎಂದು ಕೂರುತ್ತದೆ. ಆ ಸದ್ದು ನಿನಗೆ ಕೇಳುವುದಿಲ್ಲ. ಒಂದು ಬೆರಳನ್ನು ಕೊಕ್ಕೆಯ ಮೇಲಿಟ್ಟುಕೊಂಡಿರು, ಬೆರಳಿಗೆ ತಿಳಿಯುತ್ತದೆ. ಬಲಗೈ ಪೂರ್ತಿ ವಾಸಿಯಾಗಿದೆ ಎಂದು ಅಕ್ಟೋಬರಿನಲ್ಲಿ ನೀನು ಬರೆದಿದ್ದೆ, ಆದರೂ ಅದರ ಮೇಲೆ ತುಂಬಾ ಭಾರ ಹಾಕಬೇಡ.

ಕಾರ್ಡಿಗೆ ಬೇರೆ ಕರೆಂಟು ಬೇಕು. ಒಳಗೆ ಕಟ್ಟಿಟ್ಟ ವೈರುಗಳಲ್ಲಿ ಆರು ಮತ್ತು ಎರಡು ಪಿನ್ನಾಗಿ ಸೀಳಿದ್ದು ಒಂದಿದೆ, ಅದೇ. ಪರದೆಯ ವೈರನ್ನು ಹಳೆಯ ಜಾಗದಿಂದ ಕಿತ್ತು ಕಾರ್ಡಿನ ಹಿಂಬದಿಗೆ ಚುಚ್ಚು.

ಇಷ್ಟು ಸಾಲದು. ನಿನಗೆ ಒಮ್ಮೆ ಹೇಳಿದ್ದೆ, ಇದು ಹ್ಯಾಕಿಂಟಾಶ್. ಒಂದು ಕಂಪನಿ ತನ್ನ ಯಂತ್ರಗಳಿಗೆಂದೇ ಬರೆದ ಸಿಸ್ಟಮನ್ನು ನಾನು ಬಿಡಿಬಿಡಿ ಭಾಗ ತಂದು ಕಟ್ಟಿದ ಪೆಟ್ಟಿಗೆಯಲ್ಲಿ ನಡೆಸುತ್ತಿದ್ದೇನೆ. ತಾನು ತನ್ನ ಮನೆಯಲ್ಲೇ ಇದ್ದೇನೆ ಎಂದು ಅದನ್ನು ಪ್ರತಿ ಸಲವೂ ನಂಬಿಸಬೇಕು. ನಂಬಿಸುವುದು ಹಿಂದೆ ಚುಚ್ಚಿರುವ ಕೆಂಪು ಪೆನ್‌ಡ್ರೈವ್. ಹೊಸ ಕಾರ್ಡು ಹಾಕುವ ಮೊದಲೇ ಅದರೊಳಗಿನ ಕಾನ್ಫಿಗ್ ಫೈಲ್ ತೆರೆದು, ಬೂಟ್-ಆರ್ಗ್ಸ್ ಎಂದಿರುವ ಸಾಲಿನ ಕೊನೆಗೆ ಒಂದು ಜಾಗ ಬಿಟ್ಟು ಈ ಪದ ಸೇರಿಸು. ಒಂದಕ್ಷರವೂ ಹೆಚ್ಚುಕಡಿಮೆಯಾಗಬಾರದು:

■■■■■■■■■■■■■■

ಅದಿಲ್ಲದಿದ್ದರೆ ಪರದೆ ಬರುವುದಿಲ್ಲ.

ಇಲ್ಲಿ ಎಲ್ಲ ಸರಿಯಿದೆ. ನೋಡಲು ಬರಬೇಡ. ಗಾಜಿನ ಆಚೆ ಈಚೆ ಕೂತು ಫೋನು ಹಿಡಿದು ಮಾತಾಡಬೇಕು ಇಲ್ಲಿ. ನಿನಗೆ ಅದರಿಂದ ಏನೂ ಉಪಯೋಗವಿಲ್ಲ.

ನಿನ್ನ ಮಗ


ಫೆಬ್ರುವರಿ 1

ಮಗನಿಗೆ,

ನಿನ್ನ ಪತ್ರದ ಎರಡನೆಯ ಪುಟದ ಹದಿನಾಲ್ಕನೆಯ ಸಾಲಿನ ಮೇಲೆ ಕಪ್ಪು ಮಸಿ ಎಳೆದಿದ್ದಾರೆ. ಕಾಗದವನ್ನು ಕಿಟಕಿಗೆ ಹಿಡಿದು ನೋಡಿದೆ. ಹಿಂಬದಿಯಿಂದ ಬೆರಳಾಡಿಸಿ ನೋಡಿದೆ. ನೀನು ಪೆನ್ಸಿಲ್ ಒತ್ತಿ ಬರೆಯುವವನು, ಗುರುತು ಉಳಿದಿರಬಹುದು ಎಂದು. ಅವರು ಇನ್ನೂ ಒತ್ತಿ ಬಳಿದಿದ್ದಾರೆ.

ಇದೊಂದು ಪದವಿಲ್ಲದೆಯೂ ನಡೆದರೆ ನಡೆಯಲಿ ಎಂದು ಕಾರ್ಡು ಹಾಕಿದೆ. ಮೂರು ಗಂಟೆ ಹಿಡಿಯಿತು. ಸ್ಕ್ರೂ ಒಂದು ಒಳಗೆ ಬಿತ್ತು, ಅದನ್ನು ಹುಡುಕಲು ಅರ್ಧ ಗಂಟೆ. ಕೊಕ್ಕೆ ಕೂತದ್ದು ಬೆರಳಿಗೆ ತಿಳಿಯಿತು, ನೀನು ಹೇಳಿದ ಹಾಗೇ. ಆನ್ ಮಾಡಿದಾಗ ಕಾರ್ಡಿನ ಫ್ಯಾನು ತಿರುಗಿತು, ಪರದೆ ಮಾತ್ರ ಖಾಲಿ. ಗಾಬರಿಯಾಗಿ ಎಲ್ಲ ಬಿಚ್ಚಲು ಹೊರಟಿದ್ದೆ. ಪರದೆಯ ವೈರು ಹಳೆಯ ಜಾಗದಲ್ಲೇ ಇದ್ದದ್ದು ಕಣ್ಣಿಗೆ ಬಿತ್ತು. ಬದಲಾಯಿಸಿದೆ. ಬಿಳಿಯ ಗುರುತು ಬಂತು, ಅದರ ಕೆಳಗೆ ಸಣ್ಣ ಗೆರೆ ತುಂಬುತ್ತಾ ಹೋಯಿತು. ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಆಮೇಲೆ ಪರದೆ ಕಪ್ಪಾಯಿತು. ಫ್ಯಾನು ತಿರುಗುತ್ತಲೇ ಇದೆ, ದೀಪ ಉರಿಯುತ್ತಲೇ ಇದೆ. ಒಳಗೆ ಯಾರೋ ಇದ್ದಾರೆ, ಬಾಗಿಲು ತೆಗೆಯುತ್ತಿಲ್ಲ ಅನ್ನಿಸಿತು. ಒಂಬತ್ತು ಸಲ ಮಾಡಿದೆ.

ಆ ಪದವನ್ನು ಮತ್ತೊಮ್ಮೆ ಬರೆ. ಗುಮಾಸ್ತರಿಗೆ ಬಿಡಿಸಿ ಹೇಳು.

ಅಮ್ಮ


ಫೆಬ್ರುವರಿ 12

ಅಮ್ಮನಿಗೆ,

ಬಿಡಿಸಿ ಹೇಳಿದೆ. ಗುಮಾಸ್ತರು ಕೆಟ್ಟವರಲ್ಲ. ಕನ್ನಡಕ ಹಣೆಗೇರಿಸಿ ಪತ್ರವನ್ನು ಮೇಜಿನ ಮೇಲೆ ಹರಡಿಕೊಂಡು ಕೇಳಿದರು:

“ಇದು ಯಾವ ಭಾಷೆನಪ್ಪಾ?”

“ಯಾವ ಭಾಷೆನೂ ಅಲ್ಲ ಸಾರ್. ಕಂಪ್ಯೂಟರಿಗೆ ಹೇಳೋ ಪದ.”

“ಅರ್ಥ ಏನು?”

“ಅರ್ಥ ಅಂತ ಏನೂ ಇಲ್ಲ.”

“ನೋಡು, ನೀನೇ ಹೇಳ್ತಿದೀಯ. ಅರ್ಥ ಇಲ್ದೇ ಇರೋ ಪದಾನ ಯಾರಾದ್ರೂ ಎರಡು ಸಲ ಬರೀತಾರಾ? ಹೋದ ವರ್ಷ ಒಬ್ಬ ಹೆಂಡ್ತಿಗೆ ಹೂವಿನ ಹೆಸರು ಬರ್ದು ಬರ್ದು ಕಳಿಸ್ತಿದ್ದ. ಆಮೇಲೆ ನೋಡಿದ್ರೆ ಅದು ಹೂವೇ ಅಲ್ಲ. ನನ್ನ ಬಡ್ತಿ ಅಲ್ಲೇ ನಿಂತುಹೋಯ್ತು.”

ಫೋನಿನಲ್ಲಾದರೂ ಹೇಳಿಬಿಡುತ್ತೇನೆ ಎಂದೆ. ಫೋನು ಒಂದೇ ನಂಬರಿಗೆ, ರಕ್ತಸಂಬಂಧಿಗೆ ಮಾತ್ರ. ಬೇರೆ ದನಿ ಕೇಳಿದರೆ ಕಟ್ ಮಾಡುತ್ತಾರೆ. ನನಗಿರುವ ರಕ್ತಸಂಬಂಧಿ ನೀನೊಬ್ಬಳೇ. ಅದನ್ನು ಹೇಳಿದಾಗ ಗುಮಾಸ್ತರು ಕನ್ನಡಕ ಇಳಿಸಿಕೊಂಡು ಮುಂದಿನ ಪತ್ರ ಎತ್ತಿಕೊಂಡರು.

ಆದ್ದರಿಂದ ಒಂದೇ ಮಾತು: ಕಾರ್ಡು ತೆಗೆದಿಟ್ಟುಬಿಡು, ಪರದೆಯ ವೈರು ಹಳೆಯ ಜಾಗಕ್ಕೆ ಹಾಕು, ಮೊದಲಿನಂತೆ ನಿಧಾನವಾಗಿಯಾದರೂ ನಡೆಯುತ್ತದೆ. ಪಾಠವನ್ನು ಚಿಕ್ಕ ಚಿಕ್ಕ ತುಂಡು ಮಾಡಿ ಹೊರತೆಗೆ. ಏನು ಮಾಡಿದರೂ ಸರಿ, ಕೆಂಪು ಪೆನ್‌ಡ್ರೈವನ್ನು ಮಾತ್ರ ಬೇರೆ ಯಾರ ಕೈಗೂ ಕೊಡಬೇಡ. ಅದರಂಥದು ಇನ್ನೊಂದಿಲ್ಲ.

ತೀರಾ ಆಗದಿದ್ದರೆ ಯೋಚಿಸಬೇಡ. ನಾನು ಬಂದ ಮೇಲೆ ಮತ್ತೆ ಚಿತ್ರೀಕರಿಸೋಣ. ಆ ನೀಲಿ ಪರದೆ, ಎರಡು ದೀಪ, ನೀನು. ನಾಲ್ಕು ತಿಂಗಳ ಕೆಲಸ, ಅಷ್ಟೇ.

ನಿನ್ನ ಮಗ


ಫೆಬ್ರುವರಿ 13

ಮಗನಿಗೆ,

ನಿನ್ನ ಉತ್ತರ ಇನ್ನೂ ಬಂದಿಲ್ಲ. ಕಾದು ಕೂರಲಾಗಲಿಲ್ಲ. ಮುಖ್ಯ ರಸ್ತೆಯ ರಿಪೇರಿ ಅಂಗಡಿಯವನನ್ನು ಮನೆಗೆ ಕರೆಸಿದೆ. ಪೆಟ್ಟಿಗೆಯೊಳಗೆ ಬಗ್ಗಿ ನೋಡಿ, ನನ್ನ ಕಡೆ ತಿರುಗಿ ಹೇಳಿದ. ತುಟಿ ಚೆನ್ನಾಗಿ ತೆರೆದು ಮಾತಾಡುತ್ತಾನೆ, ಓದಲು ಸುಲಭ.

“ಏನಮ್ಮಾ ಇದು, ಮೈ ಒಬ್ಬರದು, ತಲೆ ಇನ್ನೊಬ್ಬರದು. ಯಾರು ಕಟ್ಟಿದ್ದು?”

“ಮಗ.”

“ಮತ್ತೆ ಅವರನ್ನೇ ಕೇಳಿ.”

“ಊರಲ್ಲಿಲ್ಲ.”

“ಅದಕ್ಕೇನಂತೆ, ಒಂದು ಫೋನ್ ಮಾಡಿ.”

ನಾನು ನನ್ನ ಕಿವಿ ತೋರಿಸಿದೆ. ಅವನು ನಾಲಿಗೆ ಕಚ್ಚಿಕೊಂಡ. ಆಮೇಲೆ ಪಾಪ, ಎರಡು ತಾಸು ಮನಸ್ಸಿಟ್ಟು ಕೂತ. ಇಂಟರ್‌ನೆಟ್ಟಿನಲ್ಲಿ ಹುಡುಕಿ ಮೂರು ಪದ ತೆಗೆದ. ಒಬ್ಬೊಬ್ಬರು ಒಂದೊಂದು ಹೇಳುತ್ತಾರಂತೆ, ಕಾರ್ಡು ನೋಡಿ, ಬೋರ್ಡು ನೋಡಿ. ಪೆನ್‌ಡ್ರೈವನ್ನು ತನ್ನ ಲ್ಯಾಪ್‌ಟಾಪಿಗೆ ಹಾಕಿ ಮೊದಲನೆಯದನ್ನು ಸೇರಿಸಿದ. ಏನೂ ಬದಲಾಗಲಿಲ್ಲ. ಎರಡನೆಯದನ್ನು ಹಾಕುವಾಗ ಹಳೆಯ ಸಾಲನ್ನೇ ಅಳಿಸಿ ಹಾಕಿದ. ಈಗ ಬಿಳಿಯ ಗುರುತೂ ಬರುವುದಿಲ್ಲ. ಕಪ್ಪಿನ ಮೇಲೆ ಮೂರು ಸಾಲು ಅಕ್ಷರ ಬಂದು ನಿಲ್ಲುತ್ತದೆ.

“ಮೊದಲು ಏನಿತ್ತು ಅಂತ ಬರ್ಕೊಳ್ಳಲಿಲ್ಲ ಅಮ್ಮಾ,” ಅಂದ. “ತಪ್ಪಾಯ್ತು.” ಮೂರನೆಯ ಪದ ಹಾಕಲು ಅವನೂ ಧೈರ್ಯ ಮಾಡಲಿಲ್ಲ, ನಾನೂ ಮಾಡಲಿಲ್ಲ.

ಅವನು ಹೋದ ಮೇಲೆ, ಎಲ್ಲ ಮೊದಲಿನಂತೆ ಮಾಡಿದರೆ ಸರಿಹೋಗಬಹುದೇನೋ ಎಂದು ಕಾರ್ಡು ತೆಗೆಯಲು ಕೂತೆ. ಹಾಕಿದಷ್ಟು ಸುಲಭವಲ್ಲ. ಕೊಕ್ಕೆ ಕಾರ್ಡಿನ ಅಡಿಯಲ್ಲಿ ಅಡಗಿಕೊಂಡಿದೆ, ಅದನ್ನು ಒತ್ತಿ ಹಿಡಿದೇ ಕಾರ್ಡು ಎತ್ತಬೇಕು. ಎಡಗೈಯಲ್ಲಿ ಕಾರ್ಡು, ಹಲ್ಲಿನಲ್ಲಿ ಮರದ ಸ್ಕೇಲು. ಅರವತ್ತೆರಡರ ಹೆಂಗಸು ಸ್ಕೇಲು ಕಚ್ಚಿಕೊಂಡು ಪೆಟ್ಟಿಗೆಯೊಳಗೆ ತಲೆ ಹಾಕಿದ್ದನ್ನು ಹೆಡ್‌ಮಿಸ್ ನೋಡಿದ್ದರೆ ನನ್ನ ಪಿಂಚಣಿ ನಿಲ್ಲಿಸುತ್ತಿದ್ದರು. ಕೊನೆಗೆ ಕಾರ್ಡು ಕೈಗೆ ಬಂತು, ಕೊಕ್ಕೆ ಮುರಿದು ನೆಲಕ್ಕೆ ಬಿತ್ತು. ವೈರು ಹಳೆಯ ಜಾಗಕ್ಕೆ ಹಾಕಿ ಆನ್ ಮಾಡಿದೆ. ಅದೇ ಮೂರು ಸಾಲು.

ಈಗ ಒಂದು ಪದ ಸಾಲದು, ಇಡೀ ಸಾಲು ಬೇಕು. ಇದೆಲ್ಲ ನನ್ನದೇ ಅವಸರ.

ಅಮ್ಮ


ಫೆಬ್ರುವರಿ 24

ಅಮ್ಮನಿಗೆ,

ಕೊಕ್ಕೆ ಮುರಿದರೆ ಪರವಾಗಿಲ್ಲ, ಹಿಂದಿನ ಸ್ಕ್ರೂಗಳೇ ಕಾರ್ಡನ್ನು ಹಿಡಿದುಕೊಳ್ಳುತ್ತವೆ. ಅಂಗಡಿಯವನನ್ನು ಬೈಯಬೇಡ. ನನ್ನ ಪತ್ರ ಮೊದಲೇ ಬಂದಿದ್ದರೆ ಹೀಗಾಗುತ್ತಿರಲಿಲ್ಲ.

ಎಡಗೈಯಲ್ಲಿ ಕಾರ್ಡು ಇತ್ತು. ಹಲ್ಲಿನಲ್ಲಿ ಸ್ಕೇಲು ಇತ್ತು. ಬಲಗೈ ಎಲ್ಲಿತ್ತು?

ನಿನ್ನ ಮಗ


ಮಾರ್ಚ್ 18

ಮಗನಿಗೆ,

ಮೂರು ಪತ್ರ ಬರೆದು ಹರಿದೆ. ಇದು ನಾಲ್ಕನೆಯದು, ಇದನ್ನು ಓದದೆ ಅಂಟಿಸಿಬಿಡುತ್ತೇನೆ.

ಬಲಗೈಯ ಹೆಬ್ಬೆರಳು ಅಲುಗುತ್ತದೆ, ಕಿರುಬೆರಳು ಅಲುಗುತ್ತದೆ. ನಡುವಿನ ಮೂರು ಅಲುಗುವುದಿಲ್ಲ. ಕಾರಿನ ಬಾಗಿಲಿಗೆ ಸಿಕ್ಕಿದ ನರ ಕೂಡಿಕೊಳ್ಳಲಿಲ್ಲ. ಇನ್ನು ಕೂಡಿಕೊಳ್ಳುವುದಿಲ್ಲ ಎಂದು ಡಾಕ್ಟರು ಅಕ್ಟೋಬರಿನಲ್ಲಿ ಹೇಳಿದರು. ವಾಸಿಯಾಗಿದೆ ಎಂದು ನಾನು ನಿನಗೆ ಬರೆದದ್ದು ಅದರ ಮರುದಿನ. ಎಡಗೈಯಲ್ಲಿ ಬರೆದದ್ದು. ಕೆಟ್ಟದ್ದು ಪೆನ್ನಲ್ಲ.

ಅಂದು ನಮ್ಮ ಕಾರಿಗೆ ಸಿಕ್ಕಿ ಹೋದ ಆ ಸೈಕಲ್ಲಿನವರ ಹೆಂಡತಿಗೆ ನೀನು ಬರೆದ ಪತ್ರ ಒಡೆಯದೇ ವಾಪಸ್ಸು ಬಂದದ್ದು ಆ ವಾರವೇ. ಒಬ್ಬ ಮನುಷ್ಯನ ಜೀವ ಹೋಗಿರುವಾಗ ನನ್ನ ಮೂರು ಬೆರಳಿನ ವಿಷಯವನ್ನು ನಿನ್ನ ತಲೆಯ ಮೇಲೆ ಹೇರುವುದು ಸರಿ ಕಾಣಲಿಲ್ಲ. ಮೊದಲು ಹಾಗೆ ಅಂದುಕೊಂಡಿದ್ದೆ. ಈಗ ಇನ್ನೊಂದು ಮಾತೂ ಇದೆ ಅನ್ನಿಸುತ್ತದೆ. ಶಾಲೆಗೆ ಕೊಡಬೇಕು, ಬೇಗ ಮುಗಿಸು, ಬೇಗ ಮುಗಿಸು ಎಂದು ನಿನ್ನನ್ನು ಮೂರು ದಿನ ಕಣ್ಣುಮುಚ್ಚಗೊಡದೆ ಆ ಯಂತ್ರದ ಮುಂದೆ ಕೂರಿಸಿದವಳು ನಾನು. ನಾಲ್ಕನೆಯ ದಿನ ಅರವತ್ತೊಂದು ಪಾಠ ಹಿಡಿದುಕೊಂಡು ಶಾಲೆಗೆ ಹೋಗೋಣ, ಕಾರು ತೆಗೆ ಎಂದವಳೂ ನಾನೇ. ನಿನಗೆ ತೂಕಡಿಕೆ ಬಂದದ್ದನ್ನು ಕೋರ್ಟಿನಲ್ಲಿ ಎಲ್ಲರೂ ಕೇಳಿದರು. ಯಾಕೆ ಬಂತು ಎಂದು ಯಾರೂ ಕೇಳಲಿಲ್ಲ, ನೀನೂ ಹೇಳಲಿಲ್ಲ, ನಾನೂ ಎದ್ದು ನಿಲ್ಲಲಿಲ್ಲ. ದುಭಾಷಿ ಹುಡುಗಿ ನನ್ನ ಮುಂದೆಯೇ ಕೂತಿದ್ದಳು. ನನ್ನ ಕೈ ಕಟ್ಟಿನೊಳಗಿತ್ತು ಎಂಬುದು ಒಳ್ಳೆಯ ನೆಪವಾಯಿತು.

ಒಂದೂವರೆ ಕೈಯ ಸನ್ನೆ ಎಂದರೆ ತೊದಲು. ಮಕ್ಕಳು ಒಳ್ಳೆಯವರು, ‘ಇನ್ನೊಂದು ಸಲ ಹೇಳಿ ಮಿಸ್’ ಎನ್ನುತ್ತಾರೆ. ಎರಡು ಸಲ ಹೇಳಿದ ಮೇಲೂ ತಿಳಿಯದಿದ್ದರೆ ತಿಳಿದವರ ಹಾಗೆ ತಲೆಯಾಡಿಸುತ್ತಾರೆ. ನಿವೃತ್ತಿಯಾದ ಮೇಲೂ ಬಿಡದಿದ್ದ ತರಗತಿಗೆ ಡಿಸೆಂಬರಿನಿಂದ ನಾನು ಹೋಗುತ್ತಿಲ್ಲ.

ಹಾಗಾಗಿ ನಾಲ್ಕು ತಿಂಗಳ ಕೆಲಸ, ಮತ್ತೆ ಚಿತ್ರೀಕರಿಸೋಣ ಎಂದು ನೀನು ಬರೆದದ್ದು ಆಗುವುದಿಲ್ಲ. ನನ್ನ ಎರಡು ಕೈಗಳೂ ಇರುವುದು ಆ ಪೆಟ್ಟಿಗೆಯಲ್ಲಿ.

ಅಮ್ಮ


ಮಾರ್ಚ್ 29

ಅಮ್ಮನಿಗೆ,

ನಿನ್ನ ಪತ್ರ ಬಂತು. ಯಂತ್ರದ ವಿಷಯವನ್ನೇ ಬರೆಯುತ್ತೇನೆ.

ಇಡೀ ಸಾಲು ನನಗೆ ಬಾಯಿಪಾಠವಿದೆ. ಇಲ್ಲಿನ ಬಟ್ಟೆ ಒಗೆಯುವ ಕೋಣೆಯಲ್ಲಿ ಹಬೆ ಕೂತ ಗೋಡೆಯ ಮೇಲೆ ಬೆರಳಲ್ಲಿ ಬರೆದು ನೋಡಿಕೊಂಡೆ, ಒಂದಕ್ಷರವೂ ಮರೆತಿಲ್ಲ. ಅದು ಹೀಗಿದೆ:

■■■■■■■■■■■■■■■■■■■■■■
■■■■■■■■■■■■■■■■■■

ಇದರ ಮೇಲೂ ಮಸಿ ಬೀಳುತ್ತದೆ ಎಂದು ಗೊತ್ತು. ಆದರೂ ಬರೆದೆ. ಗುಮಾಸ್ತರು ಮಸಿ ಕುಪ್ಪಿಯ ಮುಚ್ಚಳ ತೆಗೆಯುತ್ತಾ, “ನಿಮ್ಮ ತಾಯಿಗೆ ತಿಳಿಸಪ್ಪಾ, ನಾನು ಬೇಕಂತ ಮಾಡ್ತಿಲ್ಲ,” ಎಂದರು. ತಿಳಿಸಿದ್ದೇನೆ.

ಭೇಟಿಯ ಕೋಣೆಯಲ್ಲಿ ಕೈಸನ್ನೆಯಲ್ಲಿ ಮಾತಾಡಬಹುದೇ ಎಂದು ಕೇಳಿದೆ. ಬಾ ಎಂದು ಕರೆಯಲು ಅಲ್ಲ, ಸುಮ್ಮನೆ ತಿಳಿದುಕೊಳ್ಳಲು. “ನಮಗೆ ಅರ್ಥ ಆಗದೇ ಇರೋದು ಒಳಗೂ ಬರಬಾರದು, ಹೊರಗೂ ಹೋಗಬಾರದು. ಮೇಲಿನವರ ಒಪ್ಪಿಗೆ ಬೇಕು,” ಎಂದರು. “ಕೊಡ್ತಾರಾ?” ಎಂದೆ. “ಇಲ್ಲೀವರೆಗೆ ಯಾರೂ ಕೇಳಿಲ್ಲ,” ಎಂದರು.

ಅಮ್ಮಾ, ಬಿಟ್ಟುಬಿಡು. ಹೊಸ ಟೀಚರ್ ಮಾಡಲಿ. ಬರಬೇಡ. ಆ ಕೈಯನ್ನು ಗಾಜಿನ ಈಚೆ ಕೂತು ನೋಡುವುದು ನನ್ನಿಂದ ಆಗುವುದಿಲ್ಲ.

ನಿನ್ನ ಮಗ


ಏಪ್ರಿಲ್ 8

ಮಗನಿಗೆ,

ಹೆಡ್‌ಮಿಸ್ ನಿನ್ನೆ ಮನೆಗೆ ಬಂದಿದ್ದರು. ಹೊಸ ಟೀಚರ್ ಹುಡುಗಿಯ ಚಿತ್ರೀಕರಣ ಇಪ್ಪತ್ತೆಂಟಕ್ಕೆ ಶುರು ಎಂದರು. ಅವರಿಗೂ ಸಂಕಟವಿದೆ, ಸನ್ನೆ ಮಾಡುವಾಗ ಕೈ ಎದೆಯ ಎತ್ತರಕ್ಕೂ ಏಳುತ್ತಿರಲಿಲ್ಲ. ಅದಕ್ಕೆ ಮೊದಲು ಯಂತ್ರ ನಡೆದರೆ ನನ್ನದೇ ತೆಗೆದುಕೊಳ್ಳುತ್ತಾರಂತೆ. ಕಾರ್ಡನ್ನು ಮತ್ತೆ ಸ್ಲಾಟಿನಲ್ಲಿ ಕೂರಿಸಿದ್ದೇನೆ. ಕೊಕ್ಕೆ ಇಲ್ಲದಿದ್ದರೂ ಗಟ್ಟಿಯಾಗಿ ನಿಂತಿದೆ.

ಹೋದ ವಾರ ನಿನ್ನ ಜೈಲಿನ ಕಚೇರಿಗೆ ಹೋಗಿ ಬಂದೆ, ಹೊರಗಿನ ಕಿಟಕಿಯವರೆಗೆ. ಭೇಟಿಯ ಅರ್ಜಿ ಕೊಟ್ಟರು. ಕಿಟಕಿಯಲ್ಲಿದ್ದವಳಿಗೆ ನಾನು ಕಿವುಡಿ ಎಂದು ಬರೆದು ತೋರಿಸಿದೆ. ಅವಳು ದೊಡ್ಡದಾಗಿ ಬಾಯಿ ತೆರೆದು ಏನೋ ಕೂಗಿದಳು. ಎಲ್ಲರೂ ಹಾಗೇ ಮಾಡುತ್ತಾರೆ. ಸನ್ನೆಯಲ್ಲಿ ಮಾತಾಡಲು ಬೇರೆ ಒಪ್ಪಿಗೆಪತ್ರ ಬೇಕು, ಅದಕ್ಕೆ ಎಷ್ಟು ದಿನ ಎಂದು ಅವಳಿಗೂ ತಿಳಿಯದು. ಬರಿಯ ಭೇಟಿಗಾದರೆ ಅರ್ಜಿ ಕೊಟ್ಟ ವಾರದಲ್ಲೇ ಸಿಗುತ್ತದಂತೆ. ಇಪ್ಪತ್ತು ನಿಮಿಷ.

ಎರಡು ದಿನ ಯೋಚಿಸಿದೆ. ಸನ್ನೆಗೆ ಒಪ್ಪಿಗೆ ಕೊಟ್ಟರೆ ನೀನು ಆ ಸಾಲನ್ನು ಬೆರಳಿನಲ್ಲಿ ಅಕ್ಷರ ಅಕ್ಷರವಾಗಿ ಹಿಡಿ, ನಾನು ಎಡಗೈಯಲ್ಲಿ ಬರೆದುಕೊಳ್ಳುತ್ತೇನೆ. ನಿಧಾನವಾಗಿ ಹಿಡಿ, ನನ್ನ ಎಡಗೈ ಇನ್ನೂ ಒಂದನೆಯ ತರಗತಿ. ಒಪ್ಪಿಗೆ ಇಪ್ಪತ್ತೆಂಟರೊಳಗೆ ಬರುವ ಹಾಗೆ ನನಗೆ ಕಾಣುವುದಿಲ್ಲ. ಬಂದರೂ ಅದೇ ಸಾಲಿಂದ ಪರದೆ ಬೆಳಗುತ್ತದೆ ಎಂದು ನೀನೂ ಆಣೆ ಮಾಡಿ ಹೇಳಲಾರೆ.

ಬರದಿದ್ದರೂ ನಾನು ಬರುತ್ತೇನೆ. ಸನ್ನೆ ಮಾಡಬಾರದು ಎಂದರೆ ಕೈಗಳನ್ನು ಮೇಜಿನ ಮೇಲಿಟ್ಟುಕೊಂಡು ಕೂರುತ್ತೇನೆ. ಎರಡನ್ನೂ. ಮೇಜಿನ ಮೇಲೆ ಕೈ ಇಡಬಾರದು ಎಂಬ ನಿಯಮ ಗೋಡೆಯ ಮೇಲಿನ ಪಟ್ಟಿಯಲ್ಲಿಲ್ಲ, ಪೂರ್ತಿ ಓದಿದೆ.

ಚಿಕ್ಕವನಿದ್ದಾಗ ನಾನು ಬೈಯಲು ಕೈ ಎತ್ತಿದೊಡನೆ ನೀನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಕಣ್ಣು ಮುಚ್ಚಿದವನಿಗೆ ಕಿವುಡಿ ಏನು ಹೇಳಿಯಾಳು, ಬೈಗುಳ ಅಲ್ಲಿಗೇ ಮುಗಿಯುತ್ತಿತ್ತು. ಗೆದ್ದೆ ಎಂದು ತಿಳಿದು ಒಂದು ಕಣ್ಣು ಅರ್ಧ ತೆರೆದು ನೋಡುತ್ತಿದ್ದೆ. ಈ ಸಲ ಹಾಗೆ ಮಾಡಬೇಡ. ಇಪ್ಪತ್ತು ನಿಮಿಷವೂ ಕಣ್ಣು ತೆರೆದಿರು.

ಅರ್ಜಿ ತುಂಬಿ ಮೇಜಿನ ಮೇಲಿಟ್ಟಿದ್ದೇನೆ. ‘ಭೇಟಿಯ ಉದ್ದೇಶ’ ಎಂಬಲ್ಲಿ ಮೊದಲು ‘ಕಂಪ್ಯೂಟರ್ ರಿಪೇರಿ’ ಎಂದು ಬರೆದಿದ್ದೆ. ಅದನ್ನು ಹೊಡೆದುಹಾಕಿ ‘ಮಗ’ ಎಂದು ಬರೆದೆ. ಸಹಿಯನ್ನು ಎಡಗೈಯಲ್ಲೇ ಮಾಡಿದ್ದೇನೆ. ಹಳೆಯ ಸಹಿಗೆ ಹೊಂದುವುದಿಲ್ಲ ಎಂದರೆ ಕೈ ತೋರಿಸುತ್ತೇನೆ. ನಾಳೆ ಬೆಳಿಗ್ಗೆ ಕಿಟಕಿ ತೆರೆಯುವ ಹೊತ್ತಿಗೆ ಕೊಂಡುಹೋಗಿ ಕೊಡುವುದೆಂದು ತೀರ್ಮಾನಿಸಿದ್ದೇನೆ.

ಅಮ್ಮ